ವರ್ಲಿನ್ ಕೈಯಾರೆ ಮಾಡಿದ ಇಪ್ಪತ್ತು ತೋಟಾ

ನವೆಂಬರಿನಲ್ಲಿ ಮೊಂಟಾನಾದ ಆ ಕಣಿವೆಗೆ ಬಿಸಿಲು ಇಳಿಯುವುದು ಏಳೂವರೆಗೆ. ಅಷ್ಟರೊಳಗೆ ಆರ್ಡಿಸ್ ಒಲೆಗೆ ಸೌದೆ ತುಂಬಿ ಉರಿ ಹಚ್ಚಿದ್ದಳು. ಕೋಳಿಗಳ ನೀರಿನ ಮೇಲೆ ಕಟ್ಟಿದ್ದ ಮಂಜುಗಡ್ಡೆ ಒಡೆದಿದ್ದಳು. ಅತ್ತೆ ಗುಡ್ರುನ್‌ಗೆ ಮಾತ್ರೆ ಕೊಟ್ಟು, ಕಾಫಿ ಇಳಿಸಿ, ಓಟ್ಸ್ ಗಂಜಿ ಕುದಿಸಿ, ಗಂಡನ ಉಣ್ಣೆಯ ಕಾಲುಚೀಲ ಒಲೆಯ ಪಕ್ಕ ಬೆಚ್ಚಗಾಗಲು ನೇತುಹಾಕಿದ್ದಳು. ಇಷ್ಟು ದಿನನಿತ್ಯದ್ದು. ಆ ಗುರುವಾರದ ವಿಶೇಷವೆಂದರೆ, ಹಾರಿಸಿ ಖಾಲಿಯಾದ ತೋಟಾಗಳ ಇಪ್ಪತ್ತು ಹಿತ್ತಾಳೆ ಚಿಪ್ಪುಗಳನ್ನು ಸೋಪು ನಿಂಬೆರಸದಲ್ಲಿ ತೊಳೆದು, ಒಂದೊಂದರ ಒಳಗೂ ಬಟ್ಟೆ ತೂರಿಸಿ ಒರೆಸಿ, ಬಿಸ್ಕತ್ತು ಬೇಯಿಸುವ ತಟ್ಟೆಯ ಮೇಲೆ ಸಿಪಾಯಿಗಳಂತೆ ಸಾಲಾಗಿ ನಿಲ್ಲಿಸಿ, ಓವನ್ನಿನ ಸಣ್ಣ ಬಿಸಿಯಲ್ಲಿ ಒಣಗಲು ಇಟ್ಟಿದ್ದಳು.

ಇದೆಲ್ಲ ಮುಗಿದ ಮೇಲೆ ವರ್ಲಿನ್ ಹೊಟ್ಟೆ ಕೆರೆದುಕೊಳ್ಳುತ್ತ ಅಡುಗೆಮನೆಗೆ ಚಿತ್ತೈಸಿದ. ಚಿಪ್ಪುಗಳ ಹೊಳಪು ನೋಡಿ ಅವನ ಎದೆ ಉಬ್ಬಿತು.

"ಅಂಗಡಿ ತೋಟಾ ಮುಟ್ಟಿದರೆ ಕೇಳು! ಇವತ್ತು ನನ್ನ ಹೆಂಡ್ತಿಗೆ ನಾನೇ ತೋಟಾ ಮಾಡಿಕೊಡ್ತೀನಿ. ಪೂರ್ತಿ ನನ್ನ ಕೈಯಾರೆ!"

ಇಂಥ ಘೋಷಣೆಗೆ ಕಾರಣವಿತ್ತು. ಎದುರಿನ ಗುಡ್ಡದಲ್ಲಿ ಗಂಡು ಎಲ್ಕ್, ಅಂದರೆ ಅಲ್ಲಿನ ಭಾರಿ ಕಡವೆ, ಹೊಡೆಯಲು ಸರ್ಕಾರ ವರ್ಷಕ್ಕೆ ಕೆಲವರಿಗಷ್ಟೇ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ಗಂಡಹೆಂಡತಿ ಇಬ್ಬರೂ ಹದಿನಾಲ್ಕು ವರ್ಷದಿಂದ ಅರ್ಜಿ ಹಾಕುತ್ತ ಬಂದಿದ್ದರು. ಈ ಸಲ ಬಂದದ್ದು ಆರ್ಡಿಸ್ ಹೆಸರು! ಭಾನುವಾರಕ್ಕೆ ಬೇಟೆಯ ಅವಧಿ ಮುಗಿಯುತ್ತದೆ. ಅವಳಿಗೆ ಐವತ್ತೆಂಟು. ಇನ್ನೊಂದು ಹದಿನಾಲ್ಕು ವರ್ಷ ಕಾಯುವ ಮಂಡಿಚಿಪ್ಪು ಅವಳ ಹತ್ತಿರ ಇರಲಿಲ್ಲ.

"ಮಾರ್ಲಿಸ್ ಅಂಗಡೀಲಿ ಒಂದು ಡಬ್ಬಿ ತಂದುಬಿಡ್ತೀನಿ ಬಿಡು. ಐದು ನಿಮಿಷದ ಕೆಲಸ" ಎಂದು ಹಿಂದಿನ ದಿನವೇ ಹೇಳಿದ್ದಳು ಅವಳು.

"ರೆಡಿಮೇಡು ಎಲ್ಲರಿಗೂ ಆಗುತ್ತೆ, ಯಾರಿಗೂ ಸರಿಯಾಗಿ ಆಗಲ್ಲ. ನಾನು ಮಾಡೋದು ಅಳತೆ ತೆಗೆದು ಹೊಲಿದ ಕೋಟು ಇದ್ದ ಹಾಗೆ!"

ಸುಳ್ಳೇಕೆ, ಆರ್ಡಿಸ್ ಕರಗಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆಂದು ಕೈಯಾರೆ ಮಾಡಿದ್ದು ಒಂದೇ ಒಂದು ಹಕ್ಕಿಗೂಡು. ಅದನ್ನು ಹಕ್ಕಿಗಳೇ ಒಪ್ಪಿರಲಿಲ್ಲ. ಕರಗಿದವಳು ಸುಮ್ಮನಿರಬೇಕಿತ್ತು. ಮಾರ್ಲಿಸಳ ಅಂಗಡಿಗೆ ಅವತ್ತೇ ಕೋಳಿಕಾಳು ತರಲು ಹೋದವಳು ಹೇಳಿಯೇಬಿಟ್ಟಿದ್ದಳು: "ನಿನ್ನ ಡಬ್ಬಿ ನೀನೇ ಇಟ್ಕೊ. ನಮ್ಮನೇಲಿ ಎಲ್ಲಾ ಕೈಯಾರೆ."

ಮಾರ್ಲಿಸ್ ಕೋವಿ ಮಾರುವುದಷ್ಟೇ ಅಲ್ಲ, ರಿಪೇರಿಯನ್ನೂ ಮಾಡುವ ಹೆಂಗಸು. ಕನ್ನಡಕದ ಮೇಲಿಂದ ನೋಡಿ ಕೇಳಿದಳು: "ಯಾರ ಕೈ?"

ಈಗ ಗ್ಯಾರೇಜು ಚಳಿಯೆಂದು ವರ್ಲಿನ್ ತನ್ನ ತೋಟಾ ತುಂಬುವ ಯಂತ್ರವನ್ನು ಅಡುಗೆಮನೆಯ ಮೇಜಿಗೆ ಬಿಗಿದ. ಚಿಪ್ಪುಗಳ ಬುಡಕ್ಕೆ ಕಿಡಿ ಕೊಡುವ ಕೇಪು ಒತ್ತಿದ. ಮದ್ದು ತೂಗುವ ಘಟ್ಟ ಬಂತು ನೋಡಿ, ಮನೆಯಲ್ಲಿ ಕರ್ಫ್ಯೂ!

"ಒಲೆ ಆರಿಸು! ಮದ್ದು ಹೊರಗಿದೆ!"

ನಾಲ್ಕೂವರೆಗೆ ಎದ್ದು ಹಚ್ಚಿದ ಒಲೆಯನ್ನು ಆರ್ಡಿಸ್ ಆರಿಸಿದಳು.

"ಯಾರೂ ಓಡಾಡಬೇಡಿ! ತಕ್ಕಡಿ ನಡುಗುತ್ತೆ. ಅಮ್ಮಾ, ಈ ಕಡೆ ಉಸಿರು ಬಿಡಬೇಡ!"

ಮೂರು ಕಂಬಳಿಯೊಳಗಿಂದ ಗುಡ್ರುನ್ ಕೇಳಿದಳು: "ಎಷ್ಟು ಹೊತ್ತು?"

"ಇಪ್ಪತ್ತು ತೋಟಾ ಆಗೋವರೆಗೆ."

"ಎಂಬತ್ತಾರು ವರ್ಷದಿಂದ ಬಿಡ್ತಾ ಇದೀನಪ್ಪ, ಚಟ ಆಗಿಹೋಗಿದೆ."

ಮಧ್ಯಾಹ್ನ ತಣ್ಣನೆಯ ಬ್ರೆಡ್ಡು. ಸಂಜೆಗೂ ತಣ್ಣನೆಯ ಬ್ರೆಡ್ಡು. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತು ತೋಟಾಗಳು ಚಿನ್ನದಂತೆ ಹೊಳೆಯುತ್ತ ನಿಂತವು. ವರ್ಲಿನ್ ಬೆನ್ನು ಹಿಡಿದುಕೊಂಡು, "ಒಬ್ಬನೇ ಮಾಡಿದ್ದು!" ಎಂದ. ಗುಡ್ರುನ್ ಕೆಮ್ಮಿದಳು.

"ಒಂದೆರಡು ನನ್ನ ಕೋವೀಲಿ ಹೊಡೆದು ನೋಡ್ಲಾ?" ಎಂದಳು ಆರ್ಡಿಸ್.

"ಯಾಕೆ ದಂಡ ಮಾಡ್ತೀಯ? ಇದೇ ಲೆಕ್ಕದ ಮದ್ದು ನನ್ನದರಲ್ಲಿ ನೋಡಿದೀನಿ. ಐದು ಈಡು, ಒಂದೇ ತೂತು! ನಿಂದೂ ನಂದೂ ಅವಳಿ ಕೋವಿ ತಾನೆ?"

ನಿಜ. ಮದುವೆಯಾದ ವರ್ಷ ಒಂದೇ ದಿನ ಕೊಂಡ, ಒಂದೇ ಜಾತಿಯ ಎರಡು ಕೋವಿಗಳು. ಅವಳು ತೋಟಾಗಳನ್ನು ಡಬ್ಬಿಗೆ ತುಂಬಿದಳು.

ಶನಿವಾರ ಬೆಳಗಿನ ಮಸುಕಿನಲ್ಲಿ ಇಬ್ಬರೂ ಗುಡ್ಡದ ನೆತ್ತಿಯ ಪೈನ್ ಮರಗಳಡಿ ಹೊಟ್ಟೆಯ ಮೇಲೆ ಮಲಗಿದ್ದರು. ಇನ್ನೂರು ಗಜದಾಚೆ ಹುಲ್ಲುಬಯಲಿಗೆ ಒಂದು ಎಲ್ಕ್ ಇಳಿಯಿತು. ಕುದುರೆಯಷ್ಟು ಎತ್ತರ, ತಲೆಯ ಮೇಲೆ ಒಂದು ಬೋಳು ಮರವನ್ನೇ ಹೊತ್ತಂಥ ಕೊಂಬು! ಆರ್ಡಿಸ್ ತೋಟಾ ಇಟ್ಟು, ಅದನ್ನು ಒಳಗೆ ಕೂರಿಸಿ ಮುಚ್ಚುವ ಬೋಲ್ಟು ತಳ್ಳಿದಳು. ಅರ್ಧ ಹೋಗಿ ನಿಂತಿತು.

"ಮುಚ್ಚು" ಎಂದು ವರ್ಲಿನ್ ಪಿಸುಗುಟ್ಟಿದ.

"ಮುಚ್ತಾ ಇಲ್ಲ."

"ಜೋರಾಗಿ ತಳ್ಳು!"

"ತಳ್ತಾನೇ ಇದೀನಿ!"

"ನಿಂಗೆ ಕೈಯಲ್ಲಿ ಬಲ ಇಲ್ಲ. ಕೊಡಿಲ್ಲಿ!"

ದಿನಕ್ಕೆ ಎರಡು ಗಾಡಿ ಸೌದೆ ಹೊರುವ ಕೈಯಿಂದ ಕೋವಿ ಕಿತ್ತುಕೊಂಡು ಅಂಗೈಯಿಂದ ಗುದ್ದಿದ. ಟಕ್! ಬೋಲ್ಟು ಮುಂದಕ್ಕೂ ಹೋಗದೆ, ಹಿಂದಕ್ಕೂ ಬಾರದೆ ಕಚ್ಚಿಕೊಂಡಿತು. ಎಲ್ಕ್ ತಲೆಯೆತ್ತಿ ಈ ದಾಂಪತ್ಯವನ್ನು ಒಂದು ಕ್ಷಣ ನೋಡಿತು. ಆಮೇಲೆ, ಪಕ್ಕದ ಮನೆಯ ಜಗಳ ಕೇಳಿಸಿಕೊಂಡೂ ಕೇಳಿಸದಂತೆ ಹೋಗುವ ಸಭ್ಯರ ಹಾಗೆ, ನಿಧಾನವಾಗಿ ಮರಗಳ ಹಿಂದೆ ಸರಿಯಿತು.

ಸಿಕ್ಕಿಕೊಂಡ ತೋಟಾ ಬಿಡಿಸಲು ಮಾರ್ಲಿಸಳೇ ಗತಿ. ಹೋದರು. ಕಾಫಿ ಕುಡಿಯುತ್ತ ನಿಂತಿದ್ದ ನಾಲ್ವರು ಬೇಟೆಗಾರರು ತಕ್ಷಣ ಎರಡನೇ ಲೋಟ ತುಂಬಿಸಿಕೊಂಡರು. ಹಿಂದಿನ ಕೋಣೆಯಿಂದ ಮಾರ್ಲಿಸ್ ಕೋವಿಯನ್ನೂ ಸೊಟ್ಟಗಾದ ತೋಟಾವನ್ನೂ ಹಿಡಿದು ಬಂದಳು.

"ಈ ಚಿಪ್ಪು ಮೊದಲು ಹೊಡೆದದ್ದು ಯಾವ ಕೋವೀಲಿ?"

"ನಂದರಲ್ಲಿ" ಎಂದ ವರ್ಲಿನ್.

"ಮದ್ದು ಸಿಡಿದಾಗ ಚಿಪ್ಪು ಉಬ್ಬಿ ಆ ಕೋವೀಲಿ ತೋಟಾ ಕೂರೋ ಗೂಡಿನ ಆಕಾರಕ್ಕೇ ಬಂದುಬಿಡುತ್ತೆ. ಅದನ್ನ ಅಚ್ಚಿಗೆ ಹಾಕಿ ವಾಪಸ್ ಮೈಪೂರ್ತಿ ಬಿಗಿ ಮಾಡಿದ್ಯಾ, ಇಲ್ಲಾ ಬರೀ ಕತ್ತನ್ನಾ?"

ವರ್ಲಿನ್ ಕಾಫಿ ಪಾತ್ರೆಯನ್ನು ಗಮನವಿಟ್ಟು ನೋಡಿದ. "ಕತ್ತು ಮಾತ್ರ. ಹಾಗೆ ಮಾಡಿದ್ರೆ ಗುರಿ ಬಹಳ ಚೆನ್ನಾಗಿರುತ್ತೆ."

"ಯಾವ ಕೋವೀಲಿ?"

"...ನಂದರಲ್ಲಿ."

ಮಾರ್ಲಿಸ್ ಆರ್ಡಿಸಳ ಕಡೆ ತಿರುಗಿದಳು. "ನಿನ್ನ ಕೋವಿ ಗೂಡು ಒಂದು ಕೂದಲೆಳೆ ಕಿರಿದು. ನಿನ್ನ ಗಂಡ ಅಳತೆ ತೆಗೆದೇ ಹೊಲಿದಿದಾನೆ ಕಣೇ. ಅವನ ಅಳತೆ!"

ನಾಲ್ವರೂ ಕಾಫಿಯನ್ನು ಮೂಗಿಗೆ ಏರಿಸಿಕೊಂಡರು. ನಗು ಆರ್ಡಿಸಳಿಗೂ ಬಂತು. ಜಂಬ ಕೊಚ್ಚಿದ ಬಾಯಿ ತನ್ನದೇ ಎಂದು ನೆನಪಾಗಿ ಕಿವಿಯೂ ಕೆಂಪಾಯಿತು.

"ನಾಳೆ ನನ್ನ ಕೋವಿ ತಗೊಂಡು ಹೋಗು" ಎಂದ ವರ್ಲಿನ್, ಧಾರಾಳವಾಗಿ.

"ನಂದರ ಹಿಡಿ ನನ್ನ ಅಳತೆಗೆ ಕೊಯ್ಸಿದ್ದು. ನಿಂದು ನನ್ನ ಹೆಗಲು ದಾಟಿ ಪಕ್ಕದ ಊರಿಗೆ ಹೋಗುತ್ತೆ. ಒಂದು ಡಬ್ಬಿ ಕೊಡು ಮಾರ್ಲಿಸ್."

ಮನೆಗೆ ಹೋಗುವ ದಾರಿಯಲ್ಲಿ ಜಲ್ಲಿ ಗುಂಡಿಯ ಹತ್ತಿರ ಟ್ರಕ್ ನಿಲ್ಲಿಸಿ, ರಟ್ಟಿನ ಗುರಿಗೆ ಅಂಗಡಿಯ ಮೂರು ತೋಟಾ ಹೊಡೆದಳು. ಬೋಲ್ಟು ತಕರಾರಿಲ್ಲದೆ ಮುಚ್ಚಿತು. ಮೂರು ತೂತೂ ಒಂದು ಅಂಗೈಯೊಳಗೆ. ರಾತ್ರಿ ಊಟವಾದ ಮೇಲೆ ವರ್ಲಿನ್ ಅಂಗಿಯ ತೋಳು ಮಡಚಿದ.

"ನೀನು ಮಲಗು. ಇವತ್ತು ನಿನ್ನ ಅಳತೆಗೇ ಮಾಡ್ತೀನಿ. ಚಿಪ್ಪೂ ನಾನೇ ತೊಳೀತೀನಿ."

ಮದುವೆಯಾದ ಮೇಲೆ ಮೊದಲ ಸಲ ಅವಳು ಅವನಿಗಿಂತ ಮುಂಚೆ ಮಲಗಿದಳು.

ಭಾನುವಾರ ಬೆಳಗಿನ ನಾಲ್ಕೂವರೆಗೆ ಅಡುಗೆಮನೆಯ ದೀಪ ಹಾಕಿದರೆ, ವರ್ಲಿನ್ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದ. ಚಿಪ್ಪು ಅಚ್ಚಿನೊಳಗೆ ಜಾರಲೆಂದು ಸವರುವ ಮೇಣ ಹುಬ್ಬಿಗೂ ಮೆತ್ತಿತ್ತು. ಮೇಜಿನ ಮೇಲೆ ಡಬ್ಬಿಯಲ್ಲಿ ಹೊಸ ಇಪ್ಪತ್ತು ತೋಟಾ, ಪಕ್ಕದಲ್ಲಿ ಚೀಟಿ: 'ಇಪ್ಪತ್ತನ್ನೂ ಅಂಗಳಕ್ಕೆ ಒಯ್ದು ನಿನ್ನ ಕೋವಿಯಲ್ಲಿ ಕೂರಿಸಿ ನೋಡಿದೆ. ಬೆಣ್ಣೆಯ ಹಾಗೆ ಹೋಗುತ್ತೆ.'

ಆರ್ಡಿಸ್ ಚೀಟಿಯನ್ನು ಎರಡು ಸಲ ಓದಿದಳು. ಈ ಚಳಿಯಲ್ಲಿ, ಅಂಗಳದಲ್ಲಿ, ಒಬ್ಬನೇ! ಅವನ ಹುಬ್ಬು ಒರೆಸಲು ಬಟ್ಟೆ ಒದ್ದೆ ಮಾಡೋಣವೆಂದು ಸಿಂಕಿನ ಕಡೆ ತಿರುಗಿದಳು.

ಸಿಂಕು ಕಾಣಲಿಲ್ಲ. ಸಿಂಕು ಇರಬೇಕಾದಲ್ಲಿ ಒಂದು ಗುಡ್ಡವಿತ್ತು. ಕಪ್ಪು ನೀರು ತುಂಬಿದ ಸೂಪಿನ ಹಂಡೆ, ಮೇಣ ಮೆತ್ತಿದ ಲಟ್ಟಣಿಗೆ, ಹಿತ್ತಾಳೆ ಪುಡಿ ಕಚ್ಚಿದ ಜರಡಿ, ಅವಳ ಮೂರೂ ಬಿಸ್ಕತ್ತು ತಟ್ಟೆ, ಅಳತೆಯ ಎಲ್ಲ ಬಟ್ಟಲು, ಕಾಫಿಯ ಕರೆ ಕಟ್ಟಿದ ಮೂರು ಲೋಟ, ತುದಿಯಲ್ಲಿ ಬಾವುಟದಂತೆ ಒಂದು ಹಲ್ಲುಜ್ಜುವ ಬ್ರಷ್ಷು. ಬ್ರಷ್ಷು ಅವಳದು.

ಅವಳಿಗೆ ಗೊತ್ತಾಗುವ ಮೊದಲೇ ಅವಳ ಕೈ ನಲ್ಲಿ ತಿರುಗಿಸಿತ್ತು, ಅಂಗಿಯ ತೋಳು ತಾನಾಗಿ ಮೇಲಕ್ಕೆ ಸರಿದಿತ್ತು. ಗುಡ್ಡ ಹತ್ತಲು ಎರಡು ಗಂಟೆ ಬೇಕು. ಈ ಗುಡ್ಡ ಇಳಿಸಲು ಒಂದು ಗಂಟೆ. ಎಲ್ಕ್ ಬಯಲಿಗೆ ಇಳಿಯುವುದು ಬೆಳಕು ಹರಿಯುವಾಗ, ಬೆಳಕು ಯಾರ ಪಾತ್ರೆಗೂ ಕಾಯುವುದಿಲ್ಲ.

ಅವನ ಡಬ್ಬಿಯನ್ನೂ ಅಂಗಡಿಯ ಡಬ್ಬಿಯನ್ನೂ ನೋಡಿದಳು. ಒಂದರಲ್ಲಿ ಪ್ರೀತಿಯಿತ್ತು, ಅದನ್ನು ಅವಳು ಅಲ್ಲಗಳೆಯಲಾರಳು. ಇನ್ನೊಂದು ಬರೀ ರಟ್ಟು. ಆದರೆ ಅದು ಎಲ್ಲಿಗೆ ಹೊಡೆಯುತ್ತದೆಂದು ಅವಳೇ ಕಣ್ಣಾರೆ ನೋಡಿದ್ದಳು. ಮೇಲಾಗಿ ಅದರ ಹಿಂದೆ ತೊಳೆಯುವ ಪಾತ್ರೆ ಒಂದೂ ಇರಲಿಲ್ಲ!

ನಲ್ಲಿ ನಿಲ್ಲಿಸಿದಳು. ರಟ್ಟಿನ ಡಬ್ಬಿಯನ್ನು ಜೇಬಿಗಿಳಿಸಿ ಕೋವಿ ಹೆಗಲಿಗೇರಿಸಿದಳು. ಎದ್ದ ತಕ್ಷಣ ಗಂಡನಿಗೆ ಮೊಟ್ಟಮೊದಲು ಕಾಣಲಿ ಎಂದು ಸಿಂಕಿನ ನೆತ್ತಿಯ ಮೇಲಿನ ದೀಪವೊಂದನ್ನು ಮಾತ್ರ ಉರಿಯಲು ಬಿಟ್ಟು, ಬಾಗಿಲು ಎಳೆದುಕೊಂಡು ಗುಡ್ಡದ ಕಡೆ ನಡೆದಳು.