ಗೇಟಿನ ದೀಪ ಮತ್ತು ಮುದಿ ನಕ್ಷತ್ರ

ಬೆಳಿಗ್ಗೆ ಹತ್ತು ಗಂಟೆಗೆ ವೀಕ್ಷಣಾಲಯದ ನಕ್ಷತ್ರ ವೀಕ್ಷಕರೊಬ್ಬರ ಕಂಪ್ಯೂಟರಿನಲ್ಲಿ ಒಂದು ಗೆರೆ ಎದ್ದು ನಿಂತಿತು. ಆಮೇಲಿನ ತಾಪತ್ರಯಕ್ಕೆಲ್ಲ ಆ ಗೆರೆಯೇ ಮೂಲ.

ಹನ್ನೊಂದು ವರ್ಷದಿಂದ ಅವರದು ಒಂದೇ ಕೆಲಸ. ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡದಾದ ಒಂದು ಮುದಿ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಗೆರೆಗಳನ್ನು ಹಿಂದಿನ ವಾರದ ಗೆರೆಗಳ ಪಕ್ಕ ಇಟ್ಟು ನೋಡುವುದು. ನೋಡಿ 'ಬದಲಾವಣೆ ಇಲ್ಲ' ಎಂದು ವರದಿ ಬರೆಯುವುದು. ಇಂದೋ ನಾಳೆಯೋ ಸಿಡಿಯಬೇಕಾದ ನಕ್ಷತ್ರ ಸರ್ಕಾರಿ ಕಡತದ ಹಾಗೆ ಕದಲದೆ ಕೂತಿತ್ತು. ನಿರ್ದೇಶಕರ ತಾಳ್ಮೆಯ ಕಟ್ಟೆ ಮಾತ್ರ ಒಡೆದಿತ್ತು. ಇವತ್ತು ನಾಲ್ಕು ಗಂಟೆಯ ವರದಿಯಲ್ಲೂ ಏನೂ ಇಲ್ಲದಿದ್ದರೆ ನಕ್ಷತ್ರದ ಕೆಲಸ ಬಂದ್, ವೀಕ್ಷಕರು ಗ್ರಂಥಾಲಯಕ್ಕೆ ಎಂದು ಅಪ್ಪಣೆಯಾಗಿತ್ತು.

ಈಗ ನೋಡಿದರೆ, ನಿನ್ನೆ ರಾತ್ರಿ ಹಿಡಿದ ಬೆಳಕಿನಲ್ಲಿ, ಕಳೆದ ವಾರ ಕಪ್ಪಾಗಿದ್ದ ಜಾಗದಲ್ಲಿ ಹೊಳೆಯುವ ಗೆರೆ. ನಕ್ಷತ್ರ ತನ್ನ ಹೊರಮೈಯನ್ನೇ ಕಿತ್ತೆಸೆಯುತ್ತಿದೆ ಎಂದರ್ಥ. ವೀಕ್ಷಕರು ಖುಷಿಯಿಂದ ಕುರ್ಚಿ ಬಿಟ್ಟು ಎದ್ದರು. ಆ ಖುಷಿಯನ್ನು ಬಾಯಿ ಮುಚ್ಚಿಕೊಂಡು ಅನುಭವಿಸದೆ ಪಕ್ಕದ ಕೋಣೆಯವರನ್ನು ಕರೆದರು. ಅದೇ ತಪ್ಪಾಯಿತು.

ಪಕ್ಕದ ಕೋಣೆಯವರು ಜ್ಞಾನದ ವಿಷಯದಲ್ಲಿ ಬಹಳ ಧಾರಾಳಿ; ಕೇಳದವರಿಗೂ ಹಂಚುವವರು. ಅರೆಗಣ್ಣಿನಲ್ಲಿ ನೋಡಿ, "ಗೇಟಿಗೆ ಹೊಸ ದೀಪ ಹಾಕಿದಾರಲ್ಲ ಸರ್, ಅದರ ಬೆಳಕೇ ಒಳಗೆ ನುಗ್ಗಿದೆ" ಎಂದರು.

ಅರ್ಧ ಗಂಟೆಯಲ್ಲಿ ಕಚೇರಿಯೆಲ್ಲ ಕೋಣೆಯೊಳಗಿತ್ತು. ದೂರದರ್ಶಕವನ್ನು ಒಮ್ಮೆಯೂ ಮುಟ್ಟಿರದ ಗುಮಾಸ್ತರು ತಮಗೆ ಮೊದಲೇ ಅನುಮಾನವಿತ್ತು ಎಂದು ತಲೆದೂಗಿದರು. ಬೀದಿದೀಪವನ್ನು ನಕ್ಷತ್ರವೆಂದು ಸಾರಿದ ಮಹಾನುಭಾವ ಎಂದು ಊರೆಲ್ಲ ನಗುತ್ತದೆ ಎಂದು ಪಕ್ಕದ ಕೋಣೆಯವರು ಕಳಕಳಿಯಿಂದ ಹೆದರಿಸಿದರು. ಇನ್ನೊಂದು ದಿನ ಕೊಡಿ, ಖಚಿತಪಡಿಸುತ್ತೇನೆ ಎಂದು ವೀಕ್ಷಕರು ಬೇಡಿದರೆ ನಿರ್ದೇಶಕರು ಗಡಿಯಾರ ತೋರಿಸಿದರು.

ಗ್ರಂಥಾಲಯವಾದರೂ ಸರಿ, ಮಾನ ಉಳಿಯಲಿ ಎಂದುಕೊಂಡು ವೀಕ್ಷಕರು ನಾಲ್ಕು ಗಂಟೆಗೆ ಬರೆದರು: 'ಬದಲಾವಣೆ ಇಲ್ಲ. ಕಂಡದ್ದು ಗೇಟಿನ ದೀಪದ ಬೆಳಕು.' ವರದಿ ಎಂದಿನಂತೆ ಎಲ್ಲ ವೀಕ್ಷಣಾಲಯಗಳಿಗೂ ಹೋಯಿತು.

ಐದಕ್ಕೆ ಮನೆಗೆ ಹೊರಟಾಗ ಗೇಟಿನ ಬಳಿ ಎಲೆಕ್ಟ್ರಿಷಿಯನ್ ಏಣಿ ಹತ್ತಿದ್ದ. ಆ ಹಾಳು ದೀಪಕ್ಕೆ ಏನಾದರೂ ಮರೆ ಕಟ್ಟಪ್ಪ ಎಂದು ವೀಕ್ಷಕರು ಕೇಳಿಕೊಂಡರು.

"ಕಟ್ಟೋಣ ಸರ್, ಮೊದಲು ಕನೆಕ್ಷನ್ ಕೊಡ್ತೀನಿ. ಹಾಕಿ ಒಂದು ವಾರ ಆಯ್ತು, ಇನ್ನೂ ಒಂದ್ಸಲನೂ ಉರಿದಿಲ್ಲ."

ವೀಕ್ಷಕರು ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದರು. ನಿರ್ದೇಶಕರು ಆಗಲೇ ಫೋನ್ ಹಿಡಿದು ಬೀಗುತ್ತಿದ್ದರು. ಬೇರೊಂದು ವೀಕ್ಷಣಾಲಯದವರು ಅದೇ ಗೆರೆಯನ್ನು ಕಂಡು ಜಗತ್ತಿಗೆ ಸಾರಿದ್ದರು. 'ಬದಲಾವಣೆ ಇಲ್ಲ ಎಂಬ ನಿಮ್ಮ ವೀಕ್ಷಕರ ಇಂದಿನ ವರದಿಯಿಂದ, ಇದನ್ನು ಮೊದಲು ಕಂಡವರು ನಾವೇ ಎಂಬುದು ಖಚಿತವಾಗಿದೆ' ಎಂದು ಕೃತಜ್ಞತೆಯನ್ನೂ ಸಲ್ಲಿಸಿದ್ದರು.

"ನಕ್ಷತ್ರದ ಕೆಲಸ ನಿಲ್ಲಿಸೋ ಮಾತೇ ಇಲ್ಲ. ಇನ್ಮೇಲೆ ದಿನಾ ನೋಡ್ಬೇಕು" ಎಂದರು ನಿರ್ದೇಶಕರು.

ವೀಕ್ಷಕರ ಮುಖ ಅರಳಿತು.

"ಆದ್ರೆ ನೀವು ಬೇಡ. ನಿಮ್ಮ ಕಣ್ಣಿಗೆ ಬದಲಾವಣೆ ಬೀಳೋದೇ ಇಲ್ಲ. ಪಕ್ಕದ ಕೋಣೆಯವರಿಗೆ ವಹಿಸಿದೀನಿ. ನೀವು ನಾಳೆಯಿಂದ ಗ್ರಂಥಾಲಯಕ್ಕೆ ಹೋಗಿ."