ನಿಂಬೆಗಿಡದ ತಪಾಸಣೆ

ಸುಮ್ಮನೆ ಕೂಡುವುದು ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಬಸವಕಲ್ಯಾಣ–ಹುಮನಾಬಾದ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರನಾಗಿ ನಿಂತೇ ಬದುಕಿದವನು ನಾನು. ಖಾಲಿ ಸೀಟಿದ್ದರೂ ಹಿಂದಿನ ಬಾಗಿಲಿಗೊಮ್ಮೆ, ಮುಂದಿನ ಬಾಗಿಲಿಗೊಮ್ಮೆ ಹೋಗಿ ಬರದಿದ್ದರೆ ಕಾಲು ಕಡಿಯುತ್ತಿತ್ತು. ನಿವೃತ್ತನಾದ ಮೇಲೆ ಆ ಚಡಪಡಿಕೆಯೆಲ್ಲ ನಮ್ಮ ಅಂಗಳದ ಒಂದು ಪುಟ್ಟ ನಿಂಬೆಗಿಡದ ಮೇಲೆ ಬಿತ್ತು.

ಅದು ನನ್ನ ಹೆಂಡತಿ ಕಲಾವತಿಯ ಗಿಡ. ಹುಡಗಿ ಎಂಬ ಊರಿನಲ್ಲಿ ಅವಳ ತವರಿನ ಹಿತ್ತಲಲ್ಲಿ ಹಳೆಯ ನಿಂಬೆಮರವೊಂದಿತ್ತು. ಅವಳ ಅವ್ವ ಉಪ್ಪಿನಕಾಯಿ ಹಾಕುತ್ತಿದ್ದದ್ದು ಅದರ ಹಣ್ಣಿನಿಂದಲೇ. ಅವ್ವ ತೀರಿಕೊಂಡ ವರ್ಷವೇ ಮರವೂ ಒಣಗತೊಡಗಿತು. ಹಸಿರಾಗಿ ಉಳಿದಿದ್ದ ಒಂದೇ ಟೊಂಗೆಗೆ ಮಣ್ಣು ಕಟ್ಟಿ, ಬೇರು ಬರಿಸಿ, ಅವಳ ಅಣ್ಣ ಸಸಿ ಮಾಡಿಕೊಟ್ಟಿದ್ದ. ಇಂಥ ಗಿಡವನ್ನು ದೂರದಿಂದ ನೋಡಬೇಕು. ನಾನು ಹತ್ತಿರ ಹೋದೆ.

ಮುಂಜಾನೆ ನೀರು, ಸಂಜೆ ನೀರು. ಫೋನಿನ ವಿಡಿಯೋದಲ್ಲಿ ಒಬ್ಬ ಮಜ್ಜಿಗೆ ಹಾಕಿ ಎಂದ, ಹಾಕಿದೆ. ಇನ್ನೊಬ್ಬ ಬೆಲ್ಲದ ನೀರು ಎಂದ, ಓಣಿಯ ಇರುವೆಗಳೆಲ್ಲ ಬಂದವು. ಬೇರು ಎಲ್ಲಿಯವರೆಗೆ ಇಳಿದಿದೆಯೆಂದು ಎರಡು ಸಲ ಕೆದರಿಯೂ ನೋಡಿದೆ. ಎಲೆಗಳು ಹಳದಿಯಾಗಿ ಉದುರಿದಾಗ ಕಲಾವತಿ ಬೈಯಲಿಲ್ಲ. ಒಂದೊಂದೇ ಎಲೆ ಆರಿಸಿ ಮೂಸಿ ನೋಡಿದಳು. ಬೈದಿದ್ದರೆ ಅಂದು ನನಗೆ ಊಟವಾದರೂ ಸೇರುತ್ತಿತ್ತು.

ನಮ್ಮೂರಲ್ಲಿ ಷಹನಾಜ್ ಆಪಾ ಎಂಬವರಿದ್ದಾರೆ. ಮನೆ ಮನೆಗೆ ಹೋಗಿ ಗಿಡ ನೋಡಿ ಸಲಹೆ ಕೊಡುತ್ತಾರೆ, ಭಾನುವಾರ ಓಣಿಯವರನ್ನು ಕೂಡಿಸಿ ನೀರು, ಮಣ್ಣು, ಕಸದ ಪಾಠ ಮಾಡುತ್ತಾರೆ. ಅವರನ್ನು ಕರೆತಂದೆ. ಅವರು ಬುಡದ ಕರಿಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

“ಗಿಡಕ್ಕ ಏನೂ ಬ್ಯಾನಿ ಇಲ್ರಿ. ದಿನಾ ಇದರ ಹತ್ರ ಯಾರು ಬರ್ತಾರ?”

ಕಲಾವತಿ ನನ್ನ ಕಡೆ ನೋಡಿದಳು.

“ಅಣ್ಣಾರ, ಬೇರಿಗೆ ಉಸಿರು ಕಟ್ಟಾಕತ್ತದ. ಹದಿನೈದು ದಿನ ನೀರು ಬಿಲ್ಕುಲ್ ಬ್ಯಾಡ. ಕೈನೂ ಹಚ್ಚಬ್ಯಾಡ್ರಿ.”

“ಮತ್ತ ನಾ ಏನ್ ಮಾಡ್ಲಿರಿ?”

“ಏನೂ ಮಾಡಬ್ಯಾಡ್ರಿ. ಅದೇ ಔಷಧ.”

“ಉಳೀತದೇನ್ರಿ ಆಪಾ?” ಎಂದಳು ಕಲಾವತಿ.

“ಹೇಳಾಕ ಆಗಲ್ಲವ್ವಾ. ನೋಡೋಣು.”

ಎರಡು ದಿನ ತಡೆದೆ. ಮೂರನೆಯ ದಿನ ನನ್ನ ಕೈಯಲ್ಲಿ ನೀರಿನ ತಂಬಿಗೆಯಿತ್ತು. ಹೇಗೆ ಬಂತೋ, ನನಗೂ ಗೊತ್ತಿಲ್ಲ. ಕಲಾವತಿ ಅದನ್ನು ಕಸಿದುಕೊಂಡು, “ರೀ, ಹುಮನಾಬಾದಿಗೆ ಹೋಗಿ ನಿಮ್ಮ ಅಕ್ಕನ ಮನ್ಯಾಗ ಇದ್ದು ಬರ್ರಿ. ಕೈ ಮುಗೀತೀನಿ” ಎಂದಳು. ಹೋದೆ. ಅಕ್ಕನ ಮನೆಯಲ್ಲಿ ಆರು ಕುಂಡಗಳಿದ್ದವು. ನಾಲ್ಕನೆಯ ದಿನ ಅಕ್ಕ ನನ್ನ ಚೀಲ ತಂದು ಹೊಸ್ತಿಲಲ್ಲಿಟ್ಟಳು. “ತಮ್ಮಾ, ತುಳಸಿ ಮುಟ್ಟಬ್ಯಾಡಂದ್ರ ಅದರ ಮಣ್ಣೇ ಬದಲಿ ಮಾಡೀಯಲ್ಲೋ!” ಎಂದಳು.

ಉಳಿದ ದಿನಗಳನ್ನು ಬಸ್ಸಿನಲ್ಲೇ ಕಳೆದೆ. ಮುಂಜಾನೆ ಮಂಠಾಳ, ಮಧ್ಯಾಹ್ನ ಹುಮನಾಬಾದ್, ಸಂಜೆ ಮನೆ. ನಾನು ಅಂಗಳ ದಾಟುವಷ್ಟು ಹೊತ್ತು ಕಲಾವತಿ ಗಿಡಕ್ಕೆ ಅಡ್ಡವಾಗಿ ನಿಂತಿರುತ್ತಿದ್ದಳು.

ಹದಿನಾರನೆಯ ದಿನ ಅವಳೇ ಕರೆದಳು. ಕಡ್ಡಿಯಂತಾಗಿದ್ದ ಟೊಂಗೆಯ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು. “ಚಿಗುರ್ಯಾದ ನೋಡ್ರಿ” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನೋಡಿದೆ.

ಮುಂದಿನ ಭಾನುವಾರ ಆಪಾ ತಮ್ಮ ಪಾಠಕ್ಕೆ ಬಂದು ನಾಲ್ಕು ಮಾತಾಡಬೇಕೆಂದು ನನ್ನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಇಡೀ ಓಣಿ ನೆರೆದಿತ್ತು. “ಛಲೋ ಇದ್ದ ಗಿಡ ಹ್ಯಾಂಗ ಕೆಡ್ತಾವ ಅನ್ನೋದು ಇವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಹೇಳ್ರಿ ಅಣ್ಣಾರ” ಎಂದರು ಆಪಾ. ಎಲ್ಲರೂ ನಕ್ಕರು. ಮಾನವಿದ್ದವನು ಅಲ್ಲಿಂದಲೇ ಮನೆಗೆ ಬರುತ್ತಿದ್ದ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಮಜ್ಜಿಗೆಯ ಭಾಗಕ್ಕೆ ಚಪ್ಪಾಳೆಯೂ ಬಿತ್ತು.

ಈಗ ಇನ್ನೆರಡು ಓಣಿಗಳಿಂದ ಕರೆ ಬಂದಿದೆ. ಗುಲಾಬಿಯ ಬಗ್ಗೆಯೂ ಸ್ವಲ್ಪ ಹೇಳಿ ಎಂದಿದ್ದಾರೆ. ಗುಲಾಬಿಯನ್ನು ನಾನು ಇಲ್ಲಿಯವರೆಗೆ ಕೆಡಿಸಿಲ್ಲ. ನಿನ್ನೆ ಕಲಾವತಿಗೆ ಹೇಳದೆ ಒಂದು ಗಿಡ ತಂದಿದ್ದೇನೆ.