ರಾಕ್ಷಸ ಸತ್ತ ಸದ್ದು

ಒಂದಾನೊಂದು ಕಾಲದಲ್ಲಿ ರಾಕ್ಷಸರು ಏಳು ಸಮುದ್ರದಾಚೆ ಇರುತ್ತಿರಲಿಲ್ಲ; ನಾಣ್ಯ ಹಾಕಿದರೆ ಬೆಳಗುವ ವಿಡಿಯೋ ಆಟದ ಪೆಟ್ಟಿಗೆಯೊಳಗೇ ಇರುತ್ತಿದ್ದರು. ಅಂಥ ಪೆಟ್ಟಿಗೆಗಳ ಅಂಗಡಿ ಇಟ್ಟಿದ್ದ ಯಜಮಾನರಿಗೆ ಮುಪ್ಪಿನಲ್ಲಿ ಹಳೆಯ ಆಟಗಳ ಸಂಗ್ರಹಾಲಯ ತೆರೆಯುವ ಆಸೆ ಹುಟ್ಟಿತು. ಪೆಟ್ಟಿಗೆ ಉಳಿದಿತ್ತು, ಒಳಗಿನ ಸರ್ಕ್ಯೂಟು ಇಲಿಗಳ ಪಾಲಾಗಿತ್ತು.

"ಕಂಪ್ಯೂಟರಲ್ಲಿ ಮತ್ತೆ ಜೀವ ಕೊಡು. ಥೇಟ್ ನಮ್ಮ ಅಂಗಡೀಲಿ ಇದ್ದ ಹಾಗೇ ಇರ್ಬೇಕು."

"ಇರುತ್ತೆ ಸಾರ್," ಎಂದು ಮಾತು ಕೊಟ್ಟವನು ರೇಡಿಯೋ ರಿಪೇರಿಯವರ ಮಗ, ಬೀದಿಯವರ ಬಾಯಲ್ಲಿ 'ಬೆಸುಗೆ'. ಒಪ್ಪಿಗೆಯಾದರೆ ಸಂಗ್ರಹಾಲಯದಲ್ಲಿ ಕಾಯಂ ಕೆಲಸ. ಇಲ್ಲವಾದರೆ ಭಾವನ ಅಂಗಡಿಯಲ್ಲಿ ಬಟ್ಟೆ ಮಡಚುವುದು.

ಚಿತ್ರ ಬೇಗ ಕುದುರಿತು, ಸದ್ದು ಸತಾಯಿಸಿತು. ಆ ಕಾಲದವರು ಸದ್ದನ್ನು ಮುದ್ರಿಸಿಟ್ಟಿರಲಿಲ್ಲ. ಕೆಪಾಸಿಟರು ವಿದ್ಯುತ್ತು ತುಂಬಿಕೊಂಡು ಬರಿದಾಗುವಾಗ, ರೆಸಿಸ್ಟರು ಅದಕ್ಕೆ ಅಡ್ಡಗಾಲು ಹಾಕುವಾಗ ಸದ್ದು ತಾನಾಗಿ ಹುಟ್ಟುತ್ತಿತ್ತು. ಬೆಸುಗೆ ಹಳೆಯ ಸರ್ಕ್ಯೂಟಿನ ನಕ್ಷೆ ಹಿಡಿದು ಒಂದೊಂದು ಬಿಡಿಭಾಗಕ್ಕೂ ಕಂಪ್ಯೂಟರಿನೊಳಗೆ ಲೆಕ್ಕದ ಜೀವ ಕೊಟ್ಟ. ಯಜಮಾನರು ಬರುವ ದಿನ ಬೆಳಿಗ್ಗೆ, ಕೊನೆಯದೊಂದು ಸಲ ನೋಡೋಣವೆಂದು ರಾಕ್ಷಸನನ್ನು ಕೊಲ್ಲುವ ಗುಂಡಿ ಒತ್ತಿದ. ಢಮ್ಮ್. ಕಿಟಕಿಯ ಗಾಜು ಹಲ್ಲು ಕಡಿಯಿತು.

ಕೆಳಮನೆಯ ದರ್ಜಿ ಕೊರಳ ಟೇಪಿನ ಸಮೇತ ಹತ್ತಿ ಬಂದ.

"ಇದು ರಾಕ್ಷಸ ಸತ್ತ ಸದ್ದೇನಪ್ಪಾ? ನಾನು ಆ ಅಂಗಡೀಲೇ ಬೆಳೆದವನು. ಅದು ಪಿಶ್ಯೂ ಅಂತಿತ್ತು."

ಬೆಸುಗೆ ಕೂಡಲೇ ಲೆಕ್ಕದೊಳಗಿನ ಕೆಪಾಸಿಟರನ್ನು ಕಿರಿದಾಗಿಸಿದ. ಪಿಶ್ಯೂ ಬಂತು, ಅದರ ಬೆನ್ನಿಗೇ ಮೇಲ್ಮನೆಯ ಮೇಷ್ಟ್ರೂ ಬಂದರು.

"ಪಿಶ್ಯೂ ಅಂತೆ ಪಿಶ್ಯೂ. ಬಲೂನಿಗೆ ಸೂಜಿ ಚುಚ್ಚಿದ ಹಾಗಿದೆ. ಗಡಗಡಗಡ ಅಂತ ಉರುಳ್ತಿತ್ತು ಕಣಯ್ಯಾ."

"ನೀವೂ ಆಡ್ತಿದ್ರಾ ಮೇಷ್ಟ್ರೇ?" ದರ್ಜಿ ಹುಬ್ಬೇರಿಸಿದ.

"ಚಕ್ಕರ್ ಹೊಡೆದ ನಿನ್ನಂಥವ್ರನ್ನ ಹಿಡಿಯೋಕೆ ಹೋಗ್ತಿದ್ದೆ."

"ಹೌದೌದು. ನಮ್ಮನ್ನ ಸಾಲಲ್ಲಿ ನಿಲ್ಲಿಸಿ ನೀವು ಆಡ್ತಿದ್ರಿ."

ಅಷ್ಟರಲ್ಲಿ ಬೆಸುಗೆಯ ಅಕ್ಕ ಒಳಗಿನಿಂದ ಬಂದಳು. "ಇಬ್ರಿಗೂ ಕಿವಿ ಕೆಟ್ಟಿದೆ. ಲೋ, ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಅಲ್ಲೇ ನಿಂತಿರ್ತಿದ್ದೆ. ಟುಯ್ ಟುಯ್ ಅಂತಿತ್ತು."

ಮೂವರನ್ನೂ ಒಪ್ಪಿಸಲು ಹೋಗಿ, ಸಂಜೆಯ ಹೊತ್ತಿಗೆ ಸದ್ದು ಕೋಳಿಯನ್ನು ನುಂಗಿ ಸೀನಿದ ರೈಲಿನಂತಾಗಿತ್ತು.

ಯಜಮಾನರು ಬಂದರು, ಕೇಳಿದರು, ಕಿವಿಯೊಳಗೆ ಬೆರಳಾಡಿಸಿದರು.

"ಏನಪ್ಪಾ ಇದು?"

"ರಾಕ್ಷಸ ಸಾಯೋ ಸದ್ದು, ಸಾರ್."

"ನಮ್ಮ ಅಂಗಡೀಲಿ ಅವನು ತೆಪ್ಪಗೆ ಸಾಯ್ತಿದ್ದನಲ್ಲ. ಪಕ್ಕದಲ್ಲಿ ಹೆರಿಗೆ ಆಸ್ಪತ್ರೆ. ಪೆಟ್ಟಿಗೆ ತಂದ ದಿನವೇ ಡಾಕ್ಟರಮ್ಮ ಬಂದು ಬೈದ್ರು, ಸ್ಪೀಕರಿನ ವೈರು ಕತ್ತರಿಸಿಬಿಟ್ಟೆ. ಆಡೋರೇ ಬಾಯಲ್ಲಿ ಸದ್ದು ಮಾಡ್ಕೊಳ್ತಿದ್ರು. ಈ ಮೇಷ್ಟ್ರ ಗಡಗಡ ಅಂತೂ ಆಸ್ಪತ್ರೆವರೆಗೂ ಕೇಳ್ತಿತ್ತು."

ದರ್ಜಿ ಟೇಪು ಸುತ್ತತೊಡಗಿದ. ಮೇಷ್ಟ್ರಿಗೆ ಚಾವಣಿಯಲ್ಲಿ ಏನೋ ಕಾಣಿಸಿತು. ಅಕ್ಕನಿಗೆ ಒಲೆಯ ನೆನಪಾಯಿತು.

"ಹಾಗಾದ್ರೆ ನನ್ನ ಕೆಲಸ, ಸಾರ್?"

"ಸದ್ದಿಲ್ಲದ ಪೆಟ್ಟಿಗೆ ಪಕ್ಕ ಸಂಬಳ ಕೊಟ್ಟು ಸದ್ದಿನವನನ್ನ ಕೂರಿಸ್ಕೊಳ್ಳಲಾ? ಭಾವನ ಅಂಗಡಿ ಇದೆಯಲ್ಲಪ್ಪಾ. ಆದ್ರೆ ಮಾತು ಕೊಟ್ಟಿದ್ದೀಯ, ಮುಗಿಸ್ಕೊಡು."

ಬೆಸುಗೆ ಇಷ್ಟೂ ದಿನ ಜೀವ ಕೊಟ್ಟಿದ್ದ ಸರ್ಕ್ಯೂಟಿನ ತುದಿಗೆ ಹೋಗಿ, ಲೆಕ್ಕದ ಸ್ಪೀಕರಿಗೆ ಹೋಗುವ ಲೆಕ್ಕದ ವೈರನ್ನು ಕತ್ತರಿಸಿ, ಗುಂಡಿ ಒತ್ತಿದ. ತೆರೆಯ ಮೇಲೆ ರಾಕ್ಷಸ ಚೂರುಚೂರಾದ. ಕೋಣೆಯಲ್ಲಿ ಒಂದು ಸೊಳ್ಳೆ ಮಾತ್ರ ಹಾಡುತ್ತಿತ್ತು.

ಯಜಮಾನರ ಕಣ್ಣು ತೇವವಾಯಿತು.

"ಇದೇ ಕಣಪ್ಪಾ. ಇದೇ ಸದ್ದು."